ಮೂರನೇ ವರ್ಷದ ಬೆಲೆ ಯಾರ ತಲೆಗೆ?

ಅಮೆರಿಕದಲ್ಲಿ ಸಾದಾ ಟೊಯೊಟಾ, ಹೋಂಡಾ ಓಡಿಸುವವರಲ್ಲಿ ಬಹುಪಾಲು ಜನ ನಗದು ಕೊಟ್ಟೋ ಸಾಲ ಮಾಡಿಯೋ ಕಾರನ್ನು ಕೊಂಡೇ ಬಿಟ್ಟಿರುತ್ತಾರೆ. ಅದರ ಎರಡು ಪಟ್ಟು ಬೆಲೆಯ ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿಗಳಲ್ಲಿ ಓಡಾಡುವವರಲ್ಲಿ ಅನೇಕರು ಆ ಕಾರಿನ ಮಾಲೀಕರೇ ಅಲ್ಲ. ಒಟ್ಟು ಹೊಸ ಕಾರುಗಳಲ್ಲಿ ಲೀಸಿನ ಪಾಲು ಭರಾಟೆಯ ವರ್ಷಗಳಲ್ಲಿ ಶೇ. 30ರ ಆಸುಪಾಸು ಇದ್ದರೆ, ಜರ್ಮನ್ ಐಷಾರಾಮಿ ಕಾರುಗಳಲ್ಲಿ ಅರ್ಧದ ಹತ್ತಿರಕ್ಕೆ, ಕೆಲವೊಮ್ಮೆ ಅದರಾಚೆಗೂ ಹೋದದ್ದಿದೆ. ಕೊಳ್ಳುವ ತಾಕತ್ತಿರುವವರೇ ಕೊಳ್ಳುತ್ತಿಲ್ಲ.

ಜಾಣತನವೋ, ತೋರಿಕೆಯ ಹುಚ್ಚೋ? ಈ ಜಗಳಕ್ಕೆ ನಲವತ್ತು ವರ್ಷವಾಯಿತು. ಅದು ಅತಿ ಬಿಸಿಯಾಗುವುದು ಎರಡು ಬಾಗಿಲಿನ ಕೂಪೆಗಳ ವಿಷಯದಲ್ಲಿ. ಮರ್ಸಿಡಿಸ್ ಸಿಎಲ್‌ಇ, ಬಿಎಂಡಬ್ಲ್ಯು 4 ಸರಣಿ, ಮೊನ್ನೆ ಮೊನ್ನೆಯವರೆಗೂ ಬರುತ್ತಿದ್ದ ಆಡಿ ಎ5: ಇವೆಲ್ಲ ಅವಶ್ಯಕತೆಗೆ ಕೊಳ್ಳುವ ಕಾರುಗಳಲ್ಲ. ಹಿಂದಿನ ಸೀಟಿಗೆ ಹತ್ತಬೇಕಾದರೆ ಮುಂದಿನ ಸೀಟು ಮಡಚಿ ಮೈ ಬಗ್ಗಿಸಬೇಕು. ಅಜ್ಜಿಯನ್ನು ಹತ್ತಿಸುವ ಮಾತಂತೂ ಬೇಡ. ಮನಸ್ಸಿಗೆ ಹಿಡಿಸಿತು ಎಂಬುದೊಂದೇ ಕಾರಣಕ್ಕೆ ತರುವ ಕಾರಿದು. ಹಾಗಾಗಿ ಮನಸ್ಸು ಬದಲಾದಾಗ ಏನು ಗತಿ ಎಂಬ ಪ್ರಶ್ನೆಯೂ ಇದಕ್ಕೇ ಹೆಚ್ಚು ಅಂಟಿಕೊಂಡಿರುತ್ತದೆ.

ಬೆಂಗಳೂರಿನ ಓದುಗರಿಗೆ ಮೊದಲೇ ಒಂದು ಎಚ್ಚರಿಕೆ. ನಮ್ಮಲ್ಲಿ ಮನೆಯನ್ನು ಲೀಸಿಗೆ ಹಾಕಿಕೊಳ್ಳುವುದೆಂದರೆ ಹದಿನೈದೋ ಇಪ್ಪತ್ತೋ ಲಕ್ಷ ಒಟ್ಟಿಗೆ ಕೊಟ್ಟು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವುದು. ಕಾರಿನ ಲೀಸು ಇದಕ್ಕೆ ಪೂರ್ತಿ ಉಲ್ಟಾ. ತಿಂಗಳು ತಿಂಗಳು ಕಟ್ಟಿದ್ದು ವಾಪಸು ಬರುವುದಿಲ್ಲ, ಕೊನೆಗೆ ಕಾರೂ ಕೈಯಲ್ಲಿ ಉಳಿಯುವುದಿಲ್ಲ.

ಶಿಕಾಗೋದಿಂದ ವಾಷಿಂಗ್ಟನ್‌ಗೆ

ಕಾರು ಲೀಸಿನ ಕತೆಯನ್ನು ಸಾಮಾನ್ಯವಾಗಿ 1939ರ ಶಿಕಾಗೋದಿಂದ ಶುರುಮಾಡುತ್ತಾರೆ. ಝಾಲಿ ಫ್ರಾಂಕ್ ಎಂಬ ಕಾರು ವ್ಯಾಪಾರಿ ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿಗಳಿಗೆ ಕಾರುಗಳನ್ನು ಮಾರದೆ ತಿಂಗಳ ಲೆಕ್ಕದಲ್ಲಿ ಕೊಟ್ಟ. ಮುಂದಿನ ಕೆಲವು ದಶಕ ಲೀಸು ಕಂಪನಿಗಳ ವ್ಯವಹಾರವಾಗಿಯೇ ಉಳಿಯಿತು. ವೈದ್ಯರು, ವಕೀಲರು ತಮ್ಮ ವೃತ್ತಿಯ ಹೆಸರಿನಲ್ಲಿ ಒಂದೊಂದು ಮರ್ಸಿಡಿಸ್ ತೆಗೆದುಕೊಂಡು ಖರ್ಚು ತೋರಿಸುತ್ತಿದ್ದರು. ಆ ಸುಖಕ್ಕೆ ಅಮೆರಿಕದ ಸಂಸತ್ತು 1984ರಲ್ಲಿ ಕತ್ತರಿ ಹಾಕಿತು: ದುಬಾರಿ ಕಾರಿನ ಮೇಲೆ ವರ್ಷಕ್ಕೆ ತೋರಿಸಬಹುದಾದ ಸವಕಳಿಗೆ ಮಿತಿ ಬಂತು.

ಲೀಸು ಜನಸಾಮಾನ್ಯರ ಮನೆಗೆ ಬಂದದ್ದು ಅದಾದ ಎರಡು ವರ್ಷಕ್ಕೆ, ಇನ್ನೊಂದು ತೆರಿಗೆ ಕಾನೂನಿನ ಬೆನ್ನೇರಿ. 1986ರ ತೆರಿಗೆ ಸುಧಾರಣೆಗೆ ಮುಂಚೆ ಕಾರು ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯಬಹುದಿತ್ತು. ಆ ಸೌಲಭ್ಯ ಹಂತ ಹಂತವಾಗಿ ನಿಂತು 1991ಕ್ಕೆ ಪೂರ್ತಿ ಇಲ್ಲವಾಯಿತು. ಅದೇ ವರ್ಷ 30,000 ಡಾಲರ್ ಮೀರಿದ ಕಾರುಗಳ ಹೆಚ್ಚುವರಿ ಬೆಲೆಯ ಮೇಲೆ ಶೇ. 10ರ ಐಷಾರಾಮಿ ತೆರಿಗೆಯೂ ಬಂತು. ಹೀಗೆ ಎರಡೂ ಕಡೆ ಏಟು ತಿಂದ ಗಿರಾಕಿಯ ಮುಂದೆ ಜರ್ಮನ್ ಕಂಪನಿಗಳ ಸ್ವಂತ ಹಣಕಾಸು ಸಂಸ್ಥೆಗಳು ಕಡಿಮೆ ಕಂತಿನ ತಟ್ಟೆ ಹಿಡಿದವು. ಅಮೆರಿಕನ್ನರು ರುಚಿ ನೋಡಿದರು, ಬಿಡಲಿಲ್ಲ.

ಕಾನೂನು ಎಂದಿನಂತೆ ಹಿಂದಿನಿಂದ ಓಡಿ ಬಂತು. ಗ್ರಾಹಕ ಲೀಸು ಕಾಯಿದೆ 1976ರದ್ದೇ ಆದರೂ, ಕಾರಿಗೆ ಎಷ್ಟು ಬೆಲೆ ಹಿಡಿದಿದ್ದೇವೆ, ಕೊನೆಗೆ ಎಷ್ಟು ಉಳಿಯುತ್ತದೆಂದು ಅಂದಾಜಿಸಿದ್ದೇವೆ, ನಡುವೆ ಬಾಡಿಗೆ ಶುಲ್ಕವೆಷ್ಟು ಎಂಬುದನ್ನು ಬಿಡಿಬಿಡಿಯಾಗಿ ಬರೆಯಲೇಬೇಕೆಂಬ ನಿಯಮ ಬಿಗಿಯಾದದ್ದು 1998ರಿಂದ. ಆ ಕಾಯಿದೆ 2011ರವರೆಗೂ 25,000 ಡಾಲರ್ ಒಳಗಿನ ಕರಾರುಗಳನ್ನಷ್ಟೇ ಕಾಯುತ್ತಿತ್ತು. ದುಬಾರಿ ಜರ್ಮನ್ ಕಾರಿನ ಲೀಸು ಸಲೀಸಾಗಿ ಅದರ ಆಚೆ ನಿಲ್ಲುತ್ತಿತ್ತು. ಬಡ್ಡಿದರವನ್ನು ನೇರವಾಗಿ ಹೇಳಬೇಕೆಂಬ ಕಡ್ಡಾಯ ಇಂದಿಗೂ ಇಲ್ಲ. ಸಾಲ ಕೊಡುವವನು ಹೇಳಲೇಬೇಕು, ಲೀಸು ಕೊಡುವವನು ಹೇಳಬೇಕಿಲ್ಲ. ಈ ವಾದದಲ್ಲಿ ಅರ್ಧ ಗೊಂದಲ ಹುಟ್ಟುವುದು ಈ ಒಂದು ಕಿಂಡಿಯಿಂದ.

ಕಂತಿನ ಹೊಟ್ಟೆಯೊಳಗೆ

ಲೆಕ್ಕ ಬಿಡಿಸದೆ ಪಕ್ಷ ಹಿಡಿಯುವುದು ಬೇಡ. ಒಂದು ಕಾಲ್ಪನಿಕ ಕೂಪೆ ತೆಗೆದುಕೊಳ್ಳೋಣ. ಪಟ್ಟಿ ಬೆಲೆ 70,000 ಡಾಲರ್, ಚೌಕಾಸಿಯ ನಂತರ 66,000. ಮೂರು ವರ್ಷದ ಲೀಸು. ಕೊನೆಯಲ್ಲಿ ಕಾರಿಗೆ ಉಳಿಯುವ ಬೆಲೆ ಪಟ್ಟಿ ಬೆಲೆಯ ಶೇ. 56, ಅಂದರೆ 39,200 ಎಂದು ಕಂಪನಿ ಬರೆದುಕೊಟ್ಟಿದೆ. ಇದನ್ನು ಶೇಷ ಬೆಲೆ ಎನ್ನೋಣ. ಇಡೀ ಜಗಳದ ತಿರುಗಣಿ ಇದೇ.

66,000ದಿಂದ 39,200 ಕಳೆದರೆ 26,800. ಮೂರು ವರ್ಷದಲ್ಲಿ ನೀವು ತಿಂದುಹಾಕುವ ಕಾರು ಇಷ್ಟು. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 744 ಡಾಲರ್. ಇದರ ಮೇಲೆ ಬಾಡಿಗೆ ಶುಲ್ಕ, ಅಂದರೆ ಬಡ್ಡಿ. ಅದನ್ನು ಷೋರೂಮಿನಲ್ಲಿ 'ಮನಿ ಫ್ಯಾಕ್ಟರ್' ಎಂಬ ಪುಟ್ಟ ದಶಮಾಂಶದಲ್ಲಿ ಹೇಳುತ್ತಾರೆ, ಕೇಳಿದರೆ ಮಾತ್ರ. 0.0025 ಎಂದರೆ ಯಾರಿಗೂ ಭಯವಾಗುವುದಿಲ್ಲ. ಅದನ್ನು 2400ರಿಂದ ಗುಣಿಸಿದರೆ ವಾರ್ಷಿಕ ಬಡ್ಡಿ ಸಿಗುತ್ತದೆ: ಶೇ. 6. ಆರಂಭದ ಬೆಲೆ ಮತ್ತು ಶೇಷ ಬೆಲೆಯನ್ನು ಕೂಡಿಸಿದ ಮೊತ್ತಕ್ಕೆ ಈ ದಶಮಾಂಶ ಹಾಕುತ್ತಾರೆ. ಸರಾಸರಿ ಬಾಕಿ ಆ ಮೊತ್ತದ ಅರ್ಧ. ಹಾಗಾಗಿ 12 ತಿಂಗಳು, ಗುಣಿಸು 2, ಗುಣಿಸು 100. ನಮ್ಮ ಕೂಪೆಗೆ ಇದು ತಿಂಗಳಿಗೆ 263 ಡಾಲರ್. ಒಟ್ಟು ಕಂತು 1,007. ಆರಂಭದ ಶುಲ್ಕ, ಹಿಂದಿರುಗಿಸುವ ಶುಲ್ಕ ಎಂದು ಇನ್ನೊಂದು 1,500 ಸೇರಿಸಿದರೆ ಮೂರು ವರ್ಷಕ್ಕೆ ಸುಮಾರು 37,800 ಡಾಲರ್. ಮಾರಾಟ ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಅದೇ ಕಾರನ್ನು ಶೇ. 6ರ ಬಡ್ಡಿಯಲ್ಲಿ ಐದು ವರ್ಷದ ಸಾಲಕ್ಕೆ ಕೊಂಡರೆ ತಿಂಗಳಿಗೆ 1,276. ಮೂರು ವರ್ಷಕ್ಕೆ ಮಾರಿಬಿಟ್ಟಿರಿ ಎನ್ನಿ. ಅಷ್ಟರಲ್ಲಿ ಕಟ್ಟಿದ್ದು ಸುಮಾರು 45,900, ಉಳಿದ ಸಾಲ ಸುಮಾರು 28,800. ಕಾರು ಸರಿಯಾಗಿ 39,200ಕ್ಕೇ ಹೋದರೆ ಸಾಲ ತೀರಿ 10,400 ಕೈಗೆ ಬರುತ್ತದೆ. ನಿವ್ವಳ ಖರ್ಚು 35,500. ಲೀಸು 2,200 ಡಾಲರಿನಷ್ಟು ದುಬಾರಿ.

ಆದರೆ ಕಾರು 39,200ಕ್ಕೇ ಹೋಗುತ್ತದೆಂದು ಯಾರು ಹೇಳಿದರು? ಹೊಸ ಮಾದರಿ ಬಂದು, ಪೆಟ್ರೋಲ್ ಬೆಲೆ ಏರಿ, ಅದು 33,000ಕ್ಕೆ ಇಳಿದರೆ ಕೊಂಡವನ ಖರ್ಚು 41,700ಕ್ಕೆ ಏರುತ್ತದೆ. ಲೀಸಿನವನು ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಬಿಡುತ್ತಾನೆ; ನಷ್ಟ ಕಂಪನಿಯದು. ಬೆಲೆ 45,000ಕ್ಕೆ ಏರಿದರೆ ಕೊಂಡವನಿಗೆ ಲಾಭ. ಆದರೆ ಲೀಸಿನವನೂ ಕರಾರಿನ ಪ್ರಕಾರ 39,200 ಕೊಟ್ಟು ಕಾರನ್ನು ತನ್ನದು ಮಾಡಿಕೊಂಡು ಆ ಏರಿಕೆಯನ್ನು ಬಾಚಿಕೊಳ್ಳಬಹುದು. ಬಿದ್ದರೆ ನಿಮ್ಮದು, ಎದ್ದರೆ ನಮ್ಮದು. ಆ 2,200 ಡಾಲರ್ ಈ ಹಕ್ಕಿಗೆ ತೆತ್ತ ವಿಮಾ ಕಂತು ಎಂದು ನೋಡಿದರೆ ವಾದದ ಮುಖವೇ ಬದಲಾಗುತ್ತದೆ. ಕೊಳ್ಳುವುದು, ಲೀಸಿಗೆ ಪಡೆಯುವುದು ಎಂಬ ಎರಡರ ನಡುವೆ ನಿಜವಾಗಿ ಕೈ ಬದಲಾಗುವುದು ಮೂರನೇ ವರ್ಷದ ಬೆಲೆಯ ಅಪಾಯ. ಉಳಿದದ್ದೆಲ್ಲ ಅಂಕಗಣಿತ.

ಕೊಂಡು ಇಟ್ಟುಕೊಳ್ಳುವವರ ಪಂಥ

ಈ ಪಂಥದ ಮಾತು ಸರಳ: ಕಂತು ಯಾವಾಗಲಾದರೂ ಮುಗಿಯಬೇಕು. ಅಮೆರಿಕದ ರೇಡಿಯೋದಲ್ಲಿ ದಶಕಗಳಿಂದ ಹಣಕಾಸಿನ ಉಪದೇಶ ಮಾಡುತ್ತ ಬಂದಿರುವ ಡೇವ್ ರ‍್ಯಾಮ್ಸಿಗೆ ಲೀಸೆಂದರೆ ಆಗದು. ಅಮೆರಿಕದ ಕೋಟ್ಯಧೀಶರ ಬದುಕನ್ನು ಅಧ್ಯಯನ ಮಾಡಿ ಥಾಮಸ್ ಸ್ಟ್ಯಾನ್ಲಿ ಮತ್ತು ವಿಲಿಯಂ ಡ್ಯಾಂಕೊ 1996ರಲ್ಲಿ ಬರೆದ ಪುಸ್ತಕದಲ್ಲಿ, ಅಂಥವರಲ್ಲಿ ಐವರಲ್ಲಿ ನಾಲ್ವರು ಕಾರನ್ನು ಕೊಳ್ಳುತ್ತಾರೆ, ಲೀಸಿಗೆ ಪಡೆಯುವುದಿಲ್ಲ ಎಂಬ ಲೆಕ್ಕವಿತ್ತು. ಅಂದಿನಿಂದ ಈ ಪಂಥಕ್ಕೆ ಅದೇ ಶಾಸನ.

ಇವರು ವಿವರಿಸುವುದು ಕಾಲದ ಲೆಕ್ಕವನ್ನು. ಸವಕಳಿಯ ಇಳಿಜಾರು ಮೊದಲ ಮೂರು ವರ್ಷ ಕಡಿದಾಗಿರುತ್ತದೆ, ಆಮೇಲೆ ಮೆಲ್ಲಗೆ ಚಪ್ಪಟೆಯಾಗುತ್ತದೆ. ಲೀಸಿನವನು ಮೂರು ಮೂರು ವರ್ಷಕ್ಕೊಮ್ಮೆ ಆ ಕಡಿದಾದ ಭಾಗವನ್ನೇ ಮತ್ತೆ ಮತ್ತೆ ಏರಿ ಇಳಿಯುತ್ತಾನೆ. ಕೊಂಡು ಹತ್ತು ವರ್ಷ ಇಟ್ಟುಕೊಂಡವನಿಗೆ ಆ ಹೊಡೆತ ಒಂದೇ ಸಲ. ಟೊಯೊಟಾ ಕ್ಯಾಮ್ರಿಯ ಮಟ್ಟಿಗೆ ಈ ವಾದಕ್ಕೆ ಎದುರಾಡುವುದು ಕಷ್ಟ.

ಜರ್ಮನ್ ಕೂಪೆಯ ಮಟ್ಟಿಗೆ ಇದರಲ್ಲಿ ಒಂದು ತೂತಿದೆ. ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿ ಮೂರೂ ಅಮೆರಿಕದಲ್ಲಿ ಕೊಡುವ ವಾರಂಟಿ 4 ವರ್ಷ ಅಥವಾ 50,000 ಮೈಲಿ. ಇಳಿಜಾರು ಚಪ್ಪಟೆಯಾಗಿ ಉಳಿತಾಯ ಶುರುವಾಗುವ ಹೊತ್ತಿಗೆ ಸರಿಯಾಗಿ ರಿಪೇರಿಯ ಬಿಲ್ಲು ಮಾಲೀಕನ ಹೆಸರಿಗೆ ಬರತೊಡಗುತ್ತದೆ. ಗಾಳಿ ತುಂಬಿದ ಸಸ್ಪೆನ್ಷನ್, ಟರ್ಬೊ, ಅಂಗೈಯಷ್ಟು ದೊಡ್ಡ ಸೆನ್ಸರ್ ಒಂದನ್ನು ಬದಲಿಸಲು ಇಡೀ ಬಂಪರ್ ಬಿಚ್ಚುವ ಕೆಲಸ: ಕ್ಯಾಮ್ರಿಯ ಐದನೇ ವರ್ಷಕ್ಕೂ ಕೂಪೆಯ ಐದನೇ ವರ್ಷಕ್ಕೂ ಹೋಲಿಕೆ ಇಲ್ಲ. ಕೊಂಡು ಇಟ್ಟುಕೊಳ್ಳಿ ಎನ್ನುವವರು 'ಇಟ್ಟುಕೊಳ್ಳುವುದರ' ಬೆಲೆಯನ್ನು ಬಹಳ ಸಲ ಕ್ಯಾಮ್ರಿಯ ಲೆಕ್ಕದಲ್ಲೇ ಹಾಕಿರುತ್ತಾರೆ. ಆದರೂ ಹತ್ತು ವರ್ಷ ಇಟ್ಟುಕೊಳ್ಳುವವನಿಗೆ, ಹೊರಗಿನ ಒಳ್ಳೆಯ ಮೆಕ್ಯಾನಿಕ್ ಗೊತ್ತಿದ್ದರೆ, ಕೊಳ್ಳುವುದೇ ಅಗ್ಗ ಎಂದು ನನ್ನ ಎಣಿಕೆ. ಕೂಪೆ ಕೊಂಡವರಲ್ಲಿ ಹತ್ತು ವರ್ಷ ಇಟ್ಟುಕೊಳ್ಳುವವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಎರಡನೇ ಮಗು ಹುಟ್ಟಿದ ಮನೆಯಲ್ಲಿ ಎರಡು ಬಾಗಿಲ ಕಾರು ಬಹಳ ದಿನ ನಿಲ್ಲುವುದಿಲ್ಲ.

ಬಳಸಿ ಬಿಡುವವರ ಪಂಥ

ಇಳಿಯುವ ವಸ್ತುವನ್ನು ಬಾಡಿಗೆಗೆ ಪಡೆ, ಏರುವ ವಸ್ತುವನ್ನು ಕೊಳ್ಳು: ಇವರ ಸೂತ್ರ. ವಾರಂಟಿಯ ಒಳಗೇ ಬಂದು ವಾರಂಟಿಯ ಒಳಗೇ ಹೋಗುವ ಮೂರು ವರ್ಷ; ಬಿಎಂಡಬ್ಲ್ಯುವಂಥವರು ಆ ಅವಧಿಯ ನಿಗದಿತ ಸರ್ವಿಸನ್ನೂ ಬೆಲೆಯಲ್ಲೇ ಸೇರಿಸಿಬಿಡುತ್ತಾರೆ. ಟೈರು, ಪೆಟ್ರೋಲು, ವಿಮೆ ಬಿಟ್ಟರೆ ಅನಿರೀಕ್ಷಿತವೆಂಬುದಿಲ್ಲ. ಕಾರು ಕಳುವಾದರೆ ಅಥವಾ ಅಪಘಾತದಲ್ಲಿ ಪೂರ್ತಿ ಹೋದರೆ ವಿಮೆಯ ಹಣಕ್ಕೂ ಬಾಕಿಗೂ ನಡುವಿನ ಅಂತರವನ್ನು ಬಹುಪಾಲು ಲೀಸುಗಳೇ ತುಂಬುತ್ತವೆ.

ಈ ಪಂಥ ಚೆನ್ನಾಗಿ ವಿವರಿಸುವುದು ಶೇಷ ಬೆಲೆಯ ರಾಜಕೀಯವನ್ನು. ತಯಾರಕರು ಕಾರ್ಖಾನೆ ಓಡಿಸಲೇಬೇಕು. ಪಟ್ಟಿ ಬೆಲೆ ಇಳಿಸಿದರೆ ಹೆಸರಿಗೆ ಕುಂದು. ಅದರ ಬದಲು ತಮ್ಮದೇ ಹಣಕಾಸು ಸಂಸ್ಥೆಯ ಮೂಲಕ ಶೇಷ ಬೆಲೆಯನ್ನು ಮಾರುಕಟ್ಟೆ ಒಪ್ಪುವುದಕ್ಕಿಂತ ಎತ್ತರಕ್ಕೆ ಬರೆದರೆ ಕಂತು ಇಳಿಯುತ್ತದೆ, ರಿಯಾಯಿತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಗುಟ್ಟು ರಿಯಾಯಿತಿ ಸಿಗುವುದು ಲೀಸಿನವನಿಗೆ ಮಾತ್ರ. ಅಂಥ ತಿಂಗಳಲ್ಲಿ ನಗದು ಕೊಟ್ಟು ಕೊಂಡವನು ಉಳಿದವರ ಕಂತಿಗೆ ತಾನು ಚಂದಾ ಕೊಟ್ಟ ಹಾಗೆ.

ಇದು ಕಂಪನಿಗಳಿಗೆ ತಿರುಗಿಬಿದ್ದದ್ದೂ ಉಂಟು. 2008ರಲ್ಲಿ ಸೆಕೆಂಡ್ ಹ್ಯಾಂಡ್ ಬೆಲೆಗಳು ಕುಸಿದಾಗ ಕ್ರೈಸ್ಲರ್‌ನ ಹಣಕಾಸು ವಿಭಾಗ ಲೀಸನ್ನೇ ನಿಲ್ಲಿಸಿತು. ಹಿಂದಿರುಗುವ ಕಾರುಗಳ ನಷ್ಟಕ್ಕೆಂದು ಬಿಎಂಡಬ್ಲ್ಯು ನೂರಾರು ಮಿಲಿಯನ್ ಯೂರೋ ತೆಗೆದಿಡಬೇಕಾಯಿತು. ಲೀಸಿನವರು ಕೀಲಿಕೈ ಕೊಟ್ಟು ನಡೆದರು. 2021ರಲ್ಲಿ ಚಿಪ್ ಕೊರತೆಯಿಂದ ಹಳೆಯ ಕಾರಿನ ಬೆಲೆ ಗಗನಕ್ಕೇರಿದಾಗ ಚಕ್ರ ತಿರುಗಿತು. ಕರಾರಿನ ಶೇಷ ಬೆಲೆಗೇ ಕಾರು ಕೊಂಡು ಸಾವಿರಾರು ಡಾಲರ್ ಲಾಭ ಮಾಡಿದವರಿದ್ದಾರೆ. ಆಗ ಹಲವು ಹಣಕಾಸು ಸಂಸ್ಥೆಗಳು ಲೀಸಿನ ಕಾರನ್ನು ಮೂರನೆಯವರಿಗೆ ಮಾರುವ ದಾರಿಯನ್ನು ಮುಚ್ಚಿದವು. ಬಿದ್ದಾಗ ಹೊರುತ್ತೇನೆ ಎಂದಿದ್ದವರು ಎದ್ದಾಗ ಗೇಟು ಹಾಕಿದರು. ಲೀಸಿನ ಹಕ್ಕಿಗೆ ನಾವು ಹಿಡಿದ ಬೆಲೆ ಕಾಗದದ ಮೇಲಿನದು ಎಂಬ ಅನುಮಾನಕ್ಕೆ ಇದೇ ಆಧಾರ.

ಇವರ ವಾದದ ದುರ್ಬಲ ತುದಿ ನಡುದಾರಿಯಲ್ಲಿ ಬಿಡಬೇಕಾದವನ ಪಾಡು. ಕರಾರು ಮುರಿದರೆ ಉಳಿದ ಕಂತುಗಳ ದೊಡ್ಡ ಪಾಲು ಒಟ್ಟಿಗೆ ಮೈಮೇಲೆ ಬರಬಹುದು. ಅಮೆರಿಕದಲ್ಲಿರುವ ಕನ್ನಡದ ಸಾಫ್ಟ್‌ವೇರ್ ಮಂದಿಗೆ ಇದು ಹತ್ತಿರದ ವಿಷಯ. ಎಚ್-1ಬಿ ವೀಸಾ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸಿಗುತ್ತದೆ, ಲೀಸೂ ಮೂರು ವರ್ಷ. ಜೋಡಿ ಚೆನ್ನಾಗಿದೆ ಎನ್ನಿಸುತ್ತದೆ. ಆದರೆ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಸಾಲದ ಕಾರನ್ನು ಅಷ್ಟರೊಳಗೆ ನಷ್ಟಕ್ಕಾದರೂ ಮಾರಬಹುದು. ಲೀಸಿನ ಕಾರಿಗೆ ಕರಾರನ್ನು ತಾನು ವಹಿಸಿಕೊಳ್ಳುವ ಇನ್ನೊಬ್ಬ ಸಿಗಬೇಕು, ಅದಕ್ಕೆ ಕಂಪನಿಯ ಒಪ್ಪಿಗೆಯೂ ಬೇಕು. ಮೈಲಿಯ ಮಿತಿ ಇನ್ನೊಂದು. ವರ್ಷಕ್ಕೆ 10,000 ಮೈಲಿಯ ಲೀಸು ತೆಗೆದುಕೊಂಡು ಸ್ಯಾನ್‌ಹೊಸೆಯಿಂದ ಲಾಸ್ ಏಂಜಲೀಸ್‌ಗೆ ವಾರಾಂತ್ಯವೆಲ್ಲ ಓಡಿಸಿದರೆ, ಮೀರಿದ ಪ್ರತಿ ಮೈಲಿಗೆ 25ರಿಂದ 30 ಸೆಂಟು ಕೊನೆಗೆ ಕಟ್ಟಬೇಕು.

ಅರ್ಥಶಾಸ್ತ್ರಜ್ಞರು ಕಂಡದ್ದು

ಪಂಡಿತರ ವಲಯದಲ್ಲಿ ಪ್ರಶ್ನೆ ಬೇರೆ ರೂಪದಲ್ಲಿತ್ತು. ಮರ್ಟನ್ ಮಿಲ್ಲರ್ ಮತ್ತು ಚಾರ್ಲ್ಸ್ ಅಪ್ಟನ್ 1976ರಲ್ಲಿ ತೋರಿಸಿದ್ದು: ತೆರಿಗೆಯ ವ್ಯತ್ಯಾಸವಿಲ್ಲದ, ಪೈಪೋಟಿ ಪೂರ್ತಿಯಿರುವ ಮಾರುಕಟ್ಟೆಯಲ್ಲಿ ಕೊಳ್ಳುವುದಕ್ಕೂ ಲೀಸಿಗೂ ವ್ಯತ್ಯಾಸ ಇರಕೂಡದು. ಇದ್ದರೆ ಅದನ್ನು ತೆರಿಗೆಯಲ್ಲೋ ಮಾಹಿತಿಯ ಕೊರತೆಯಲ್ಲೋ ಹುಡುಕಿ ಎಂದ ಹಾಗೆ. ಮೇಲಿನ ಲೆಕ್ಕದಲ್ಲಿ ಎರಡೂ ದಾರಿಗಳು ಅಷ್ಟು ಹತ್ತಿರ ಬಂದು ನಿಂತದ್ದು ಇದಕ್ಕೇ.

ಹಾಗಾದರೆ ತಯಾರಕರಿಗೆ ಲೀಸಿನ ಮೇಲೇಕೆ ಇಷ್ಟು ಪ್ರೀತಿ? ರೊನಾಲ್ಡ್ ಕೋಸ್ 1972ರಲ್ಲಿ ಒಂದು ಉತ್ತರ ಕೊಟ್ಟಿದ್ದರು. ಬಾಳಿಕೆ ಬರುವ ವಸ್ತುವನ್ನು ಮಾರುವ ಏಕಸ್ವಾಮ್ಯದ ಕಂಪನಿಗೆ ತಾನು ನಿನ್ನೆ ಮಾರಿದ ಮಾಲೇ ಇವತ್ತಿನ ಪ್ರತಿಸ್ಪರ್ಧಿ. ಬಾಡಿಗೆಗೆ ಕೊಟ್ಟರೆ ಹಳೆಯ ಮಾಲಿನ ಜುಟ್ಟು ತನ್ನ ಕೈಯಲ್ಲೇ ಇರುತ್ತದೆ. ಪಾದರಕ್ಷೆ ತಯಾರಿಸುವ ಯಂತ್ರಗಳನ್ನು ಮಾರದೆ ಲೀಸಿಗಷ್ಟೇ ಕೊಡುತ್ತಿದ್ದ ಯುನೈಟೆಡ್ ಷೂ ಮಷಿನರಿ ಕಂಪನಿ 1953ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸೋತದ್ದು ಇಂಥ ಹಿಡಿತದ ಪ್ರಕರಣದಲ್ಲೇ. ಮೂರು ವರ್ಷದ ಬಿಎಂಡಬ್ಲ್ಯುಗಳೆಲ್ಲ ಬಿಎಂಡಬ್ಲ್ಯುವಿಗೇ ಮರಳಿದರೆ, ಯಾವುದನ್ನು ಪ್ರಮಾಣೀಕೃತ ಹಳೆಯ ಕಾರೆಂದು ಮಾರಬೇಕು, ಎಷ್ಟನ್ನು, ಯಾವಾಗ ಎಂಬ ನಿರ್ಧಾರ ಕಂಪನಿಯದಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಈಗಲ್ ಹೆಂಡೆಲ್ ಮತ್ತು ಅಲೆಸ್ಸಾಂಡ್ರೊ ಲಿಝೆರಿ 2002ರಲ್ಲಿ ಮಂಡಿಸಿದ ವಿವರಣೆ. ಅದರ ಬೇರು 1970ರ ಜಾರ್ಜ್ ಅಕರ್ಲಾಫ್ ಪ್ರಬಂಧದಲ್ಲಿದೆ: ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಆದ್ದರಿಂದ ಒಳ್ಳೆಯ ಕಾರುಗಳು ಮಾರುಕಟ್ಟೆಗೇ ಬರುವುದಿಲ್ಲ. ಲೀಸು ಈ ಗಂಟನ್ನು ಸಡಿಲಿಸುತ್ತದೆ. ಲೀಸಿನವನು ಕಾರನ್ನು ಬಿಡುವುದು ಅದು ಕೆಟ್ಟದ್ದೆಂದಲ್ಲ, ಅವಧಿ ಮುಗಿಯಿತು, ಹೊಸದು ಬೇಕು ಎಂದು. ಹಾಗಾಗಿ ಲೀಸಿನಿಂದ ಮರಳಿದ ಕಾರುಗಳು, ಮಾಲೀಕರು ತಾವಾಗಿ ಮಾರುವ ಕಾರುಗಳಿಗಿಂತ ಸರಾಸರಿಯಲ್ಲಿ ಚೆನ್ನಾಗಿರುತ್ತವೆ. ಇದಕ್ಕೆ ಎದುರು ವಾದವೂ ಇದೆ. ನ್ಯೂಯಾರ್ಕಿನ ಟ್ಯಾಕ್ಸಿಗಳನ್ನು ಅಧ್ಯಯನ ಮಾಡಿದ ಹೆನ್ರಿ ಷ್ನೈಡರ್, ಬಾಡಿಗೆ ಗಾಡಿಯ ಚಾಲಕರು ಸ್ವಂತ ಗಾಡಿಯವರಿಗಿಂತ ಎಚ್ಚರ ಕಡಿಮೆ ಎಂಬುದನ್ನು 2010ರಲ್ಲಿ ತೋರಿಸಿದರು. ಪರರ ಕುದುರೆಯನ್ನು ಯಾರೂ ನಿಧಾನ ಓಡಿಸುವುದಿಲ್ಲ.

ಈ ಎರಡನ್ನೂ ಕೂಡಿಸಿದಾಗ ಮೂರನೆಯ ದಾರಿಯೊಂದು ಕಾಣುತ್ತದೆ: ಬೇರೆಯವರು ಲೀಸಿಗೆ ಓಡಿಸಿ ಬಿಟ್ಟ ಮೂರು ವರ್ಷದ ಕೂಪೆಯನ್ನು, ವಿಸ್ತರಿಸಿದ ವಾರಂಟಿಯೊಂದಿಗೆ, ಕೊಳ್ಳುವುದು. ಕಡಿದಾದ ಇಳಿಜಾರು ಮುಗಿದಿದೆ, ಗುಣಮಟ್ಟದ ಸಂಶಯ ತಗ್ಗಿದೆ. ಹೊಸದರ ವಾಸನೆ ಬೇಕೇ ಬೇಕೆನ್ನದವನಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಂಡಿಲ್ಲ. ಇದನ್ನು ಎರಡೂ ಪಂಥಗಳವರು ಅಡಿಟಿಪ್ಪಣಿಯಲ್ಲಿಟ್ಟಿರುತ್ತಾರೆ.

ಊರು ಬದಲಾದರೆ ಉತ್ತರ ಬದಲು

ಕ್ಯಾಲಿಫೋರ್ನಿಯಾದಲ್ಲಿ ಲೀಸಿನ ಕಾರಿಗೆ ಮಾರಾಟ ತೆರಿಗೆ ಬೀಳುವುದು ತಿಂಗಳ ಕಂತಿನ ಮೇಲೆ. ಟೆಕ್ಸಸ್‌ನಲ್ಲಿ ಇಡೀ ಕಾರಿನ ಬೆಲೆಯ ಮೇಲೆ. ಅದೇ ಕರಾರು ಒಂದು ರಾಜ್ಯದಲ್ಲಿ ಜಾಣತನ, ಇನ್ನೊಂದರಲ್ಲಿ ದಂಡ.

ಕೂಪೆಗಳ ತವರಾದ ಜರ್ಮನಿಯಲ್ಲಿ ಹೊಸ ಕಾರುಗಳ ಮೂರನೇ ಎರಡರಷ್ಟು ಪಾಲು ನೋಂದಣಿಯಾಗುವುದು ಕಂಪನಿಗಳ ಹೆಸರಿನಲ್ಲಿ. ಅಲ್ಲಿನ ಹೆದ್ದಾರಿಯಲ್ಲಿ ಎಡಬದಿಯಿಂದ ಸುಯ್ಯೆಂದು ದಾಟುವ ಜರ್ಮನ್ ಕಾರುಗಳಲ್ಲಿ ಎಷ್ಟೋ ಸಂಬಳದ ಭಾಗವಾಗಿ ಬಂದವು. ಸ್ವಂತ ಬಳಕೆಗೆ ಪಟ್ಟಿ ಬೆಲೆಯ ಶೇ. 1ರಷ್ಟನ್ನು ಪ್ರತಿ ತಿಂಗಳು ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ: 70,000 ಯೂರೋ ಕಾರಿಗೆ ತಿಂಗಳಿಗೆ 700. ಮನೆಯಿಂದ ಕಚೇರಿಗೆ ಹೋಗುವ ದೂರಕ್ಕೆ ಬೇರೆ ಲೆಕ್ಕ. ಕಂಪನಿಗೆ ಖರ್ಚು ತೋರಿಸುವ ಅವಕಾಶ, ನೌಕರನಿಗೆ ಹೊಸ ಕಾರು. ಅಲ್ಲಿ ಎರಡು ಬಗೆಯ ಲೀಸುಗಳಿವೆ. ಒಂದರಲ್ಲಿ ಕಿಲೋಮೀಟರು ಮಾತ್ರ ನಿಗದಿ, ಬೆಲೆಯ ಅಪಾಯ ಕಂಪನಿಗೆ. ಇನ್ನೊಂದರಲ್ಲಿ ಶೇಷ ಬೆಲೆ ನಿಗದಿ. ಕಾರು ಅಷ್ಟಕ್ಕೆ ಹೋಗದಿದ್ದರೆ ಕೊರತೆಯನ್ನು ಗಿರಾಕಿ ತುಂಬಬೇಕು. ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಮೋಸ ನಡೆದ ಹಗರಣದ ನಂತರ, 2018ರಲ್ಲಿ ಲೈಪ್‌ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯ ನಗರಗಳು ಹಳೆಯ ಡೀಸೆಲ್ ಕಾರು ನಿಷೇಧಿಸಬಹುದೆಂದಾಗ, ಎರಡನೆಯ ಬಗೆಗೆ ಸಹಿ ಹಾಕಿದ್ದವರಿಗೆ ಅದರ ಅರ್ಥ ತಿಳಿಯಿತು.

ಬೆಂಗಳೂರಿನಲ್ಲಿ ತಕ್ಕಡಿ ಇನ್ನೊಂದು ರೀತಿ ವಾಲುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಆಜೀವ ರಸ್ತೆ ತೆರಿಗೆ ಶೇ. 18, ಅದರ ಮೇಲೆ ಸೆಸ್. ಕೋಟಿ ರೂಪಾಯಿಯ ಕೂಪೆಗೆ ಹತ್ತಿರ ಹತ್ತಿರ 20 ಲಕ್ಷ ಆರ್‌ಟಿಒಗೇ ಹೋಗುತ್ತದೆ, ಅದೂ ಮೊದಲ ದಿನವೇ. ಪುದುಚೇರಿಯ ನಂಬರ್ ಪ್ಲೇಟು ಹೊತ್ತ ಐಷಾರಾಮಿ ಕಾರುಗಳು ಇಂದಿರಾನಗರದಲ್ಲಿ ಏಕೆ ಅಷ್ಟು ಕಾಣುತ್ತಿದ್ದವು, ಸಾರಿಗೆ ಇಲಾಖೆ ಅವುಗಳ ಬೆನ್ನು ಏಕೆ ಹತ್ತಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇಡೀ ಆಯುಷ್ಯದ ತೆರಿಗೆ ಮುಂಗಡ ಕಟ್ಟಿ ಮೂರೇ ವರ್ಷ ಓಡಿಸುವುದು ಕೆಟ್ಟ ವ್ಯಾಪಾರ. ಈ ತೆರಿಗೆಯ ಸ್ವರೂಪವೇ ಬಹಳ ವರ್ಷ ಇಟ್ಟುಕೊಳ್ಳುವವನ ಪರ.

ಆದರೆ ಸಂಬಳದವರ ಪಾಲಿಗೆ ಇನ್ನೊಂದು ನಿಯಮ ಎದುರು ದಿಕ್ಕಿಗೆ ಎಳೆಯುತ್ತದೆ. ಕಂಪನಿ ಲೀಸಿಗೆ ಪಡೆದು, ಕಚೇರಿಗೂ ಮನೆಗೂ ಬಳಸಲು ನೌಕರನಿಗೆ ಕೊಟ್ಟ ಕಾರಿನ ಸವಲತ್ತಿಗೆ, ಎಂಜಿನ್ 1.6 ಲೀಟರ್ ಮೀರಿದ್ದರೂ, ಬಹುಕಾಲ ತಿಂಗಳಿಗೆ ಬರೀ 2,400 ರೂಪಾಯಿ, ಚಾಲಕನಿದ್ದರೆ ಇನ್ನೊಂದು 900 ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತಿತ್ತು. ತಿಂಗಳಿಗೆ ಲಕ್ಷಗಟ್ಟಲೆ ಲೀಸು ಬಾಡಿಗೆ ಸಂಬಳದಿಂದ ತೆರಿಗೆಗೆ ಮುಂಚೆಯೇ ಕಳೆದುಹೋಗುವಾಗ ಇದು ಸಣ್ಣ ಉಡುಗೊರೆಯಲ್ಲ. ವೈಟ್‌ಫೀಲ್ಡಿನ ಹಿರಿಯ ಅಧಿಕಾರಿ ಲೀಸನ್ನು ಹೊಗಳಿದರೆ, ರಾಜಾಜಿನಗರದ ಉದ್ಯಮಿ ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡು ವರ್ಷಕ್ಕೆ ಶೇ. 15ರ ಸವಕಳಿ ತೋರಿಸುವುದೇ ಸರಿ ಎಂದರೆ, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ನಮ್ಮಲ್ಲಿ ಲೀಸಿನಿಂದ ಮರಳಿದ ಕೂಪೆಗಳಿಗೆ ದೊಡ್ಡ ಮಾರುಕಟ್ಟೆಯಿಲ್ಲ. ಶೇಷ ಬೆಲೆಯನ್ನು ಬರೆಯುವವನು ಅಂದಾಜಿಗೆ ಹೆಚ್ಚು ಅಂಜಿಕೆ ಬೆರೆಸಿ ಬರೆಯುತ್ತಾನೆ. ಆ ಅಂಜಿಕೆಯ ಬೆಲೆ ಕಂತಿನಲ್ಲಿ ಸೇರಿರುತ್ತದೆ.

ಇನ್ನೂ ತೀರದ ಪ್ರಶ್ನೆಗಳು

ಮೊದಲನೆಯದು, ಕೂಪೆ ಎಂಬ ಜಾತಿಯೇ ಅಳಿಯುತ್ತಿರುವುದು. ವಾಲ್ಟರ್ ಡಿ ಸಿಲ್ವಾ ರೂಪಿಸಿ, ತಾನು ಮಾಡಿದ್ದರಲ್ಲೇ ಅತಿ ಸುಂದರವೆಂದ 2007ರ ಆಡಿ ಎ5ಗೆ ಈಗ ಎರಡು ಬಾಗಿಲಿನ ವಾರಸುದಾರನಿಲ್ಲ. ಆಡಿ ಟಿಟಿ 2023ರಲ್ಲಿ ನಿಂತಿತು. ಮರ್ಸಿಡಿಸ್ ತನ್ನ ಸಿ ಮತ್ತು ಇ ಕೂಪೆಗಳನ್ನು ಅದೇ ವರ್ಷ ಸಿಎಲ್‌ಇ ಎಂಬ ಒಂದರಲ್ಲಿ ಕರಗಿಸಿತು. ಬೇಡಿಕೆ ಸಣ್ಣದಾದ ವಸ್ತುವಿನ ಬೆಲೆ ಬೀಳುತ್ತದೆ ಎನ್ನುವವರು ಲೀಸಿನ ಕಡೆ ಕೈ ತೋರಿಸುತ್ತಾರೆ. ಕೊನೆಯ ತಲೆಮಾರಿನ ವಸ್ತುವಿನ ಬೆಲೆ ಏರುತ್ತದೆ ಎನ್ನುವವರು ಕೊಳ್ಳಿ ಎನ್ನುತ್ತಾರೆ. ಪೋರ್ಷೆ 911 ಬೆಲೆ ಉಳಿಸಿಕೊಂಡಿರುವುದು ಎರಡನೆಯವರ ಸಾಕ್ಷಿ. ಆದರೆ 911 ಎಂದೂ ಕಂತಿನ ರಿಯಾಯಿತಿಯಿಂದ ಬದುಕಿದ ಕಾರಲ್ಲ. ಮಾಮೂಲಿ ಎಂಜಿನ್ನಿನ 4 ಸರಣಿಗೆ ಆ ಭಾಗ್ಯ ಬರುವುದೆಂದು ನಂಬುವುದು ನನಗಂತೂ ಕಷ್ಟ.

ಎರಡನೆಯದು ವಿದ್ಯುತ್ ಕಾರಿನ ನೆರಳು. ಅಮೆರಿಕದಲ್ಲಿ 2022ರ ಕಾನೂನು ಲೀಸಿನ ವಿದ್ಯುತ್ ಕಾರುಗಳಿಗೆ 7,500 ಡಾಲರ್ ರಿಯಾಯಿತಿಯ ಬಾಗಿಲು ತೆರೆಯಿತು. 2025ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಆ ಅವಧಿಯಲ್ಲಿ ಲೀಸಿಗೆ ಹೋದ ಕಾರುಗಳು ಮರಳಿ ಬರುವಾಗ ಹಳೆಯ ಕಾರುಗಳ ಬೆಲೆ ಎತ್ತ ತಿರುಗುವುದು, ಪೆಟ್ರೋಲ್ ಕೂಪೆಗೆ ಅದರಿಂದ ಲಾಭವೋ ನಷ್ಟವೋ ಎಂಬುದಕ್ಕೆ ಹಿಂದಿನ ಯಾವ ಉದಾಹರಣೆಯೂ ಇಲ್ಲ. ಯುರೋಪಿನ ಕಾರುಗಳ ಮೇಲೆ ಅಮೆರಿಕ 2025ರಲ್ಲಿ ಏರಿಸಿದ ಸುಂಕ ಹೊಸದರ ಬೆಲೆಯನ್ನು ಮೇಲಕ್ಕೆ ನೂಕುತ್ತದೆ. ಅದರ ಜೊತೆ ಹಳೆಯದೂ ಏರಿದರೆ ಈಗ ಬರೆದ ಶೇಷ ಬೆಲೆಗಳೆಲ್ಲ ಕಡಿಮೆಯಾದವು ಎಂದಾಗುತ್ತದೆ.

ಮೂರನೆಯದನ್ನು ಯಾವ ಪಂಥವೂ ಇನ್ನೂ ಗಂಭೀರವಾಗಿ ಎತ್ತಿಕೊಂಡಿಲ್ಲ. ಬಿಎಂಡಬ್ಲ್ಯು ಸೀಟು ಬಿಸಿ ಮಾಡುವ ಸೌಲಭ್ಯಕ್ಕೆ ಕೆಲವು ದೇಶಗಳಲ್ಲಿ ತಿಂಗಳ ಚಂದಾ ಕೇಳಿ, ಬೈಸಿಕೊಂಡು, 2023ರಲ್ಲಿ ಕೈಬಿಟ್ಟಿತು. ಮರ್ಸಿಡಿಸ್ ಅಮೆರಿಕದಲ್ಲಿ ತನ್ನ ವಿದ್ಯುತ್ ಕಾರು ಇನ್ನಷ್ಟು ವೇಗವಾಗಿ ಓಡಲು ವರ್ಷಕ್ಕೆ 1,200 ಡಾಲರ್ ಎಂದಿತು. 2022ರಲ್ಲಿ ಅಮೆರಿಕದ 3ಜಿ ಜಾಲ ನಿಂತಾಗ ಹಲವು ಹಳೆಯ ಐಷಾರಾಮಿ ಕಾರುಗಳ ತುರ್ತು ಕರೆ, ದೂರದಿಂದ ಬಾಗಿಲು ತೆರೆಯುವ ಸೌಲಭ್ಯಗಳು ನಿಂತುಹೋದವು; ಪೂರ್ತಿ ದುಡ್ಡು ಕೊಟ್ಟು ಕೊಂಡವರಿಗೂ. ಕಾರಿನ ತಗಡು ನಮ್ಮದಾಗಿ ಸಾಫ್ಟ್‌ವೇರ್ ಕಂಪನಿಯದಾಗಿ ಉಳಿಯುವುದಾದರೆ, ಹತ್ತು ವರ್ಷ ಇಟ್ಟುಕೊಳ್ಳುವವನ ಲೆಕ್ಕದಲ್ಲಿ ಏಳನೇ ವರ್ಷದಿಂದಾಚೆಗೆ ಏನನ್ನು ಬರೆಯಬೇಕು? ಕೊಂಡು ಇಟ್ಟುಕೊಳ್ಳುವವರ ಪಂಥ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಬಳಸಿ ಬಿಡುವವರ ಪಂಥಕ್ಕೂ ಅದರದೇ ಒಂದು ಬಾಕಿಯಿದೆ: ಬಿಎಂಡಬ್ಲ್ಯು ಮತ್ತು ಮರ್ಸಿಡಿಸ್ 2018ರಲ್ಲಿ ನ್ಯಾಶ್‌ವಿಲ್‌ನಲ್ಲಿ ತಿಂಗಳ ಚಂದಾಕ್ಕೆ ಬೇಕೆಂದ ಕಾರು ಕೊಡುವ ಯೋಜನೆ ಶುರುಮಾಡಿ ಕೆಲವೇ ವರ್ಷದಲ್ಲಿ ಮುಚ್ಚಿದವು. ಬಳಕೆಯೇ ಮುಖ್ಯ, ಒಡೆತನ ಬೇಡ ಎನ್ನುವ ಗಿರಾಕಿ ನಿಜವಾಗಿ ಇದ್ದಿದ್ದರೆ ಆ ಯೋಜನೆ ಏಕೆ ಬಾಳಲಿಲ್ಲ?